ಮೋಟಾರ್ ವೈಂಡಿಂಗ್ ಅಂಗಡಿಯಿಂದ ಗಾಳಿಯಂತ್ರದ ಗೋಪುರಕ್ಕೆ: ಎರಡು ವರ್ಷಗಳ ಲೆಕ್ಕ

ಆರು ತಿಂಗಳ ಪ್ರೊಬೇಷನ್ ಮುಗಿದ ಪತ್ರ ಕಳೆದ ವಾರ ಕೈಸೇರಿತು. ಚಿತ್ರದುರ್ಗದಲ್ಲಿ ಹದಿನಾಲ್ಕು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದ ನಾನು ಈಗ ಊರಿನ ಸುತ್ತಲ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ. ವೈಂಡಿಂಗ್ ಕಸುಬಿನಲ್ಲಿರುವ ಗೆಳೆಯರೂ ಐಟಿಐ ಮುಗಿಸಿದ ಕೆಲವು ಹುಡುಗರೂ ಸಿಕ್ಕಾಗಲೆಲ್ಲ ಈ ಕೆಲಸಕ್ಕೆ ಸೇರುವ ದಾರಿಯನ್ನು ಕೇಳುತ್ತಾರೆ. ಚಹಾ ಅಂಗಡಿಯ ಮುಂದೆ ನಿಂತು ಅರ್ಧರ್ಧ ಹೇಳುವುದಕ್ಕಿಂತ ನಡೆದದ್ದನ್ನೆಲ್ಲ ಕ್ರಮವಾಗಿ ಬರೆದಿಡುವುದು ಒಳ್ಳೆಯದೆನಿಸಿತು. ನನಗಾದ ಖರ್ಚು, ಕಾದ ದಿನಗಳು, ಪೆಟ್ಟು ತಿಂದ ಜಾಗಗಳು ಎಲ್ಲವನ್ನೂ ಇಲ್ಲಿ ಹೇಳಿದ್ದೇನೆ. ಮೊತ್ತಗಳು ನಾನು ಕೊಟ್ಟವು. ನಿಮ್ಮ ಸಮಯಕ್ಕೆ ಬದಲಾಗಿರಬಹುದು.

ಅಂಗಡಿ ಬಿಡುವ ಯೋಚನೆ ಮೊದಲು ಬಂದದ್ದು 2022ರಲ್ಲಿ. ಆ ವರ್ಷದ ಮಳೆಗೆ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಊರಿಗೆ ಊರೇ ನೋಡಲು ಹೋಯಿತು, ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದೆ. ಆದರೆ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದರೆ ಮೋಟಾರ್ ಸುಡುವುದು ಕಡಿಮೆಯಾಗುತ್ತದೆ, ನಮ್ಮಂಥವರ ಅಂಗಡಿ ಖಾಲಿ ಬೀಳುತ್ತದೆ. ಮರುವರ್ಷ ಬರ ಬಂತು. ಅಂಗಡಿಯ ಮುಂದೆ ಸುಟ್ಟ ಸಬ್‌ಮರ್ಸಿಬಲ್ ಮೋಟಾರುಗಳ ಸಾಲೇ ನಿಂತಿತು, ಆದರೆ ರೈತರ ಕೈಯಲ್ಲಿ ದುಡ್ಡಿರಲಿಲ್ಲ. "ಅಣ್ಣಾ, ಈರುಳ್ಳಿ ಕಿತ್ತ ಮ್ಯಾಲೆ ಕೊಡ್ತೀನಿ" ಎಂದು ಮೋಟಾರ್ ಒಯ್ದವರು ಈರುಳ್ಳಿಯೇ ಬಾರದಿದ್ದಾಗ ಎಲ್ಲಿಂದ ಕೊಟ್ಟಾರು? ತಾಮ್ರದ ತಂತಿಯ ಅಂಗಡಿಯವನಂತೂ ನನಗೆ ಉದ್ದರಿ ಕೊಡುವುದಿಲ್ಲ. ಮಳೆ ಬಂದರೆ ಕೆಲಸವಿಲ್ಲ, ಬಾರದಿದ್ದರೆ ದುಡ್ಡಿಲ್ಲ ಎನ್ನುವ ಸ್ಥಿತಿಯಲ್ಲಿ ಮೂವತ್ತೈದು ದಾಟಿದ್ದೆ.

ಅದೇ ವರ್ಷ ಒಂದು ಗುತ್ತಿಗೆದಾರರ ಜೀಪಿನಲ್ಲಿ ನಾಲ್ಕು ಸಣ್ಣ ಮೋಟಾರುಗಳು ಬಂದವು. ಗಾಳಿ ಬೀಸುವ ದಿಕ್ಕಿಗೆ ಯಂತ್ರದ ತಲೆಯನ್ನು ತಿರುಗಿಸುವ 'ಯಾ' (yaw) ಮೋಟಾರುಗಳು ಅವು, ಬ್ರೇಕ್ ಸಹಿತ ಇದ್ದವು. ವೈಂಡಿಂಗ್ ಮುಗಿಸಿ ಕೊಡುವಾಗ, ತೆಗೆದುಕೊಂಡು ಹೋಗಲು ಬಂದಿದ್ದ ಸೈಟ್ ಎಂಜಿನಿಯರ್ ನನ್ನ ಬೆಂಚಿನ ಮೇಲಿದ್ದ ಸ್ಲಿಪ್‌ರಿಂಗ್ ಮೋಟಾರಿನ ತಿರುಗುವ ಭಾಗವನ್ನು, ಅಂದರೆ ರೋಟರನ್ನು ನೋಡಿ, "ನಮ್ಮ ಜನರೇಟರೂ ಇದೇ ಜಾತಿ, ದೊಡ್ಡದು ಅಷ್ಟೆ. ನೀವು ಐಟಿಐ ಮಾಡಿದ್ದೀರಾ?" ಎಂದು ಕೇಳಿದರು. ನಾನು 2007ರಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದ್ದೆ. ಅವರಿಗೆ ಬಹುಶಃ ಆ ಮಾತು ನೆನಪೂ ಇರಲಿಕ್ಕಿಲ್ಲ. ಜೋಗಿಮಟ್ಟಿ ಕಡೆಯ ಬೆಟ್ಟಸಾಲಿನ ಫ್ಯಾನುಗಳನ್ನು ದಿನಾ ನೋಡುತ್ತಿದ್ದವನಿಗೆ ಅವುಗಳೊಳಗೆ ನನಗೆ ಗೊತ್ತಿರುವ ವಸ್ತುವೊಂದು ಕೂತಿದೆ ಎಂದು ಅಂದೇ ಗೊತ್ತಾದದ್ದು.

ಕೆಲಸಕ್ಕೆ ಬೇಕಾದದ್ದನ್ನು ವಿಚಾರಿಸಿದಾಗ ಸಿಕ್ಕ ಉತ್ತರ ಹೀಗಿತ್ತು: ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿ, ವೈದ್ಯಕೀಯ ಯೋಗ್ಯತೆ, ಪೊಲೀಸ್ ಪರಿಶೀಲನಾ ಪತ್ರ, ಅನುಭವ ಪತ್ರ; ಜೊತೆಗೆ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಮತ್ತು ಹೈಡ್ರಾಲಿಕ್ಸ್ (ಎಣ್ಣೆಯ ಒತ್ತಡದಿಂದ ಯಂತ್ರದ ಭಾಗಗಳನ್ನು ಚಲಿಸುವ ವಿದ್ಯೆ) ತಿಳಿದಿದ್ದರೆ ಒಳ್ಳೆಯದು. ಪಟ್ಟಿಯಲ್ಲಿ ಕಲಿಯುವ ವಿಷಯಗಳೇ ಕಠಿಣವೆಂದುಕೊಂಡು ಕಾಗದಗಳನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ತಳ್ಳಿಟ್ಟಿದ್ದೆ. ಪುಣ್ಯಕ್ಕೆ ನನ್ನ ಮಡದಿ ಒಂದು ರಾತ್ರಿ ಎಲ್ಲ ಕಾಗದಗಳನ್ನೂ ನೆಲದ ಮೇಲೆ ಹರಡಿ, "ರೀ, ಇಲ್ಲಿ ಮೂರು ಜನ ಇದ್ದಾರೆ, ಇದ್ರಲ್ಲಿ ನೀವು ಯಾರು?" ಎಂದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿತ್ತು. ಆಧಾರ್‌ನಲ್ಲಿ ಹಿಂದೆ ಹೋಗಿ ಪೂರ್ತಿ ಹೆಸರಾಗಿ ಬಿಡಿಸಿಕೊಂಡಿತ್ತು. ಐಟಿಐ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಕೊನೆಯ 'ಪ್ಪ' ಬಿಟ್ಟುಹೋಗಿತ್ತು.

ಆ ಒಂದು 'ಪ್ಪ' ಹನ್ನೊಂದು ವಾರ ತಿಂದಿತು. ನಾನು ಓದಿದ ಸಂಸ್ಥೆಯಲ್ಲಿ ನಮ್ಮ ಕಾಲದ ದಾಖಲೆ ಪುಸ್ತಕ ಹುಡುಕಲು ಎರಡು ವಾರ, ಛಾಪಾ ಕಾಗದದ ಮೇಲೆ ಅಫಿಡವಿಟ್ ಬರೆಸಿ ನೋಟರಿ ಮಾಡಿಸಲು ಒಂದು ದಿನ, ಸಂಸ್ಥೆಯಿಂದ ಅರ್ಜಿ ಮೇಲಕ್ಕೆ ಹೋಗಿ ತಿದ್ದಿದ ಪ್ರಮಾಣಪತ್ರ ಆನ್‌ಲೈನ್‌ನಲ್ಲಿ ಕಾಣಿಸಿಕೊಳ್ಳಲು ಉಳಿದ ಕಾಲವೆಲ್ಲ. ಐದು ಸಲ ಅಂಗಡಿ ಮುಚ್ಚಿ ಓಡಾಡಿದ್ದೇನೆ. ಇದೆಲ್ಲ ಸೇರಿ 3,200 ರೂಪಾಯಿ ಆಯಿತು. ಆದ್ದರಿಂದ ನನ್ನ ಮೊದಲ ಸಲಹೆ ಇದು: ಯಾವ ತರಬೇತಿಗೂ ದುಡ್ಡು ಕಟ್ಟುವ ಮೊದಲು ನಿಮ್ಮ ಎಲ್ಲ ಕಾಗದಗಳಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಅಕ್ಷರಶಃ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ತರಬೇತಿಯ ಪ್ರಮಾಣಪತ್ರ ಒಮ್ಮೆ ತಪ್ಪು ಹೆಸರಿನಲ್ಲಿ ಬಂದರೆ ಅದನ್ನು ತಿದ್ದಿಸುವುದು ಇನ್ನೊಂದು ಸುತ್ತು.

ಅನುಭವ ಪತ್ರದ್ದು ಬೇರೆಯೇ ತಮಾಷೆ. ಹದಿನಾಲ್ಕು ವರ್ಷ ಮೈಬಗ್ಗಿಸಿ ದುಡಿದಿದ್ದೇನೆ, ಆದರೆ ನನ್ನ ಅಂಗಡಿಗೆ ನಾನೇ ಮಾಲೀಕ; ನನಗೆ ಅನುಭವವಿದೆ ಎಂದು ಬರೆದು ಸಹಿ ಹಾಕುವವರು ಯಾರು? ಕೊನೆಗೆ ನಗರಸಭೆಯ ಉದ್ದಿಮೆ ಪರವಾನಗಿ, ಉದ್ಯಮ್ ನೋಂದಣಿ, ಮೂರು ವರ್ಷದ ಬ್ಯಾಂಕ್ ವಿವರ ಮತ್ತು ಆ 'ಯಾ' ಮೋಟಾರುಗಳಿಗೆ ಗುತ್ತಿಗೆದಾರರು ಕೊಟ್ಟ ಕೆಲಸದ ಆದೇಶದ ಪ್ರತಿಗಳನ್ನು ಒಂದು ಫೈಲಿನಲ್ಲಿ ಹಾಕಿದೆ. ಕೊನೆಯದೇ ಹೆಚ್ಚು ತೂಗಿತು ಎಂದು ಆಮೇಲೆ ತಿಳಿಯಿತು. ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಸಂಪೂರ್ಣ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ. ನಾನು ಅದು ತಿಳಿಯದೆ ಒಬ್ಬ ಮಧ್ಯವರ್ತಿಗೆ 1,000 ರೂಪಾಯಿ ಕೊಟ್ಟೆ. ವೈರ್‌ಮನ್ ಪರ್ಮಿಟ್ ನವೀಕರಿಸದೆ ನಾಲ್ಕು ವರ್ಷ ಬಿಟ್ಟಿದ್ದೆ. ಆ ತಪ್ಪು ಪೂರ್ತಿ ನನ್ನದೇ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದ್ದು ಮಾತ್ರ ನಾನು ಹೆದರಿದಷ್ಟು ತೊಡಕಾಗಲಿಲ್ಲ.

ಕಾಗದ ಓಡುತ್ತಿದ್ದಾಗಲೇ ಕಲಿಕೆ ಶುರುಮಾಡಬೇಕಾಗಿತ್ತು. ಶುರುಮಾಡಿದ್ದು 2024ರ ಜನವರಿಯಲ್ಲಿ. ದಾವಣಗೆರೆಯ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಹನ್ನೆರಡು ಭಾನುವಾರಗಳ ಪಿಎಲ್‌ಸಿ ಕೋರ್ಸಿಗೆ 14,000 ರೂಪಾಯಿ ಕಟ್ಟಿ ಸೇರಿದೆ. ಚಿತ್ರದುರ್ಗದಿಂದ ಸುಮಾರು ಅರವತ್ತು ಕಿಲೋಮೀಟರ್. ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನ ಒಂದು ಬೆಣ್ಣೆ ದೋಸೆ ತಿಂದು, ಸಂಜೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ವಾಪಸ್ಸು. ಸೇರುವಾಗ ತೋರಿಸಿದ ಕೋಣೆಯಲ್ಲಿ ಪ್ಯಾನಲ್, ಮೋಟಾರ್, ಸೆನ್ಸರ್ ಎಲ್ಲ ಇದ್ದವು. ತರಗತಿ ಶುರುವಾದ ಮೇಲೆ ಗೊತ್ತಾದದ್ದೆಂದರೆ ಹದಿನೆಂಟು ಜನರಿಗೆ ಕೆಲಸ ಮಾಡುವ ಪ್ಯಾನಲ್ ಒಂದೇ. ಉಳಿದದ್ದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಕಾಲೇಜು ಹುಡುಗರಿಗೆ ಅದು ಸಾಕಾಗುತ್ತಿತ್ತೋ ಏನೋ, ನನಗೆ ಕೈಗೆ ಬಿಸಿ ತಾಗದೆ ಏನೂ ತಲೆಗೆ ಹೋಗುವುದಿಲ್ಲ. ಸೇರುವ ಮೊದಲು ತಲೆಗೆಷ್ಟು ಪ್ಯಾನಲ್ ಎಂದು ಕೇಳಿ, ಸಾಧ್ಯವಾದರೆ ನಡೆಯುತ್ತಿರುವ ತರಗತಿಯಲ್ಲಿ ಒಂದು ಗಂಟೆ ಕೂತು ನೋಡಿ.

ಹಾಗೆಂದು ಆ ಕೋರ್ಸು ದಂಡವಾಯಿತೆನ್ನಲಾರೆ. ಪಿಎಲ್‌ಸಿಯ ಲ್ಯಾಡರ್ ಚಿತ್ರವನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆದಾಗ ಸುತ್ತಲಿದ್ದ ಹುಡುಗರು ಮುಖ ಮುಖ ನೋಡಿಕೊಂಡರು, ನನಗೆ ಮಾತ್ರ ನಗು ಬಂತು. ಅದು ನಾವು ಸ್ಟಾರ್-ಡೆಲ್ಟಾ ಸ್ಟಾರ್ಟರಿಗೆ ಮಾಡುವ ಕಂಟ್ರೋಲ್ ವೈರಿಂಗೇ. ಅಲ್ಲಿ ತಂತಿಯಿಂದ ಕಟ್ಟುವುದನ್ನು ಇಲ್ಲಿ ಗೆರೆ ಎಳೆದು ಕಟ್ಟುತ್ತಾರೆ. ನೋ-ವೋಲ್ಟ್ ಕಾಯಿಲ್, ಹೋಲ್ಡಿಂಗ್ ಸಂಪರ್ಕ, ಟೈಮರ್, ಓವರ್‌ಲೋಡ್ ರಿಲೆ, ಎಲ್ಲವೂ ಹಳೆಯ ನೆಂಟರು. ಆದರೆ ಅನಲಾಗ್ ಸಂಕೇತ, ಡೇಟಾ ವಿಳಾಸಗಳು, ಒಂದು ಯಂತ್ರ ಇನ್ನೊಂದರ ಜೊತೆ ಮಾತಾಡುವ ರೀತಿ, ಇವು ಹೊಸವು. ಅವುಗಳಿಗೆ ಬೆವರು ಹರಿಸಬೇಕಾಯಿತು.

ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಒಂದು ಹಳೆಯ ಸಣ್ಣ ಪಿಎಲ್‌ಸಿ ತಂದೆ. ಅಂಗಡಿಯಲ್ಲಿ ಮೊದಲ ರಾತ್ರಿಯೇ, 24 ವೋಲ್ಟ್ ಡಿಸಿ ಕೊಡಬೇಕಾದ ಇನ್‌ಪುಟ್‌ಗೆ ಅಭ್ಯಾಸಬಲದಿಂದ 230 ಕೊಟ್ಟು ಸುಟ್ಟೆ. ಹದಿನಾಲ್ಕು ವರ್ಷ ಬೇರೆಯವರು ಸುಟ್ಟದ್ದನ್ನು ದುರಸ್ತಿ ಮಾಡಿದವನು ಅಂದು ನಾನೇ ಸುಟ್ಟದ್ದನ್ನು ಮೂಸಿ ನೋಡುತ್ತ ಕೂತಿದ್ದೆ. ಇನ್ನೊಂದು ತಂದೆ. ಎರಡೂ ಸೇರಿ, ಪವರ್ ಸಪ್ಲೈ ಸಹಿತ, 7,800 ರೂಪಾಯಿ. ಆ ಎರಡನೆಯದರಿಂದ ಎರಡು ಪಂಪುಗಳನ್ನು ಸರದಿಯ ಮೇಲೆ ಓಡಿಸುವ, ನೀರಿಲ್ಲದಾಗ ನಿಲ್ಲಿಸುವ ಪುಟ್ಟ ಪ್ಯಾನಲ್ ಕಟ್ಟಿದೆ. ಸಂದರ್ಶನದಲ್ಲಿ ಪ್ರಮಾಣಪತ್ರಕ್ಕಿಂತ ಮೊಬೈಲಿನಲ್ಲಿದ್ದ ಆ ಪ್ಯಾನಲ್‌ನ ವಿಡಿಯೋ ಬಗ್ಗೆ ಹೆಚ್ಚು ಕೇಳಿದರು.

ಓದಲು ದುಡ್ಡು ಕೊಡಬೇಕಾಗಿಲ್ಲ. ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಐಟಿಐ ಟ್ರೇಡುಗಳ ಪುಸ್ತಕಗಳೂ ಪ್ರಶ್ನೆಗಳೂ ಉಚಿತವಾಗಿ ಸಿಗುತ್ತವೆ. ನನಗೆ ತೊಡಕಾದದ್ದು ಇಂಗ್ಲಿಷು. ಗಾಳಿಯಂತ್ರದ ದೋಷಗಳೆಲ್ಲ ಪರದೆಯ ಮೇಲೆ ತುಂಡು ತುಂಡು ಇಂಗ್ಲಿಷಿನಲ್ಲಿ ಬರುತ್ತವೆ, ಕೈಪಿಡಿಗಳೂ ಅದೇ ಭಾಷೆಯವು. ಎಂಟನೇ ತರಗತಿಯ ಮಗಳ ಪಕ್ಕದಲ್ಲಿ ಕೂತು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಅದರ ಕೆಲಸ ಬರೆದುಕೊಂಡೆ. "ಅಪ್ಪಾ, ಇದು ಡಿಕ್ಷನರಿಲೇ ಇಲ್ಲ" ಎಂದು ಅವಳು ಪಿಚ್ ಅಕ್ಯುಮುಲೇಟರ್ ಬಳಿ ಕೈಚೆಲ್ಲಿದಳು. ಆ ನೋಟ್‌ಬುಕ್ ಈಗಲೂ ನನ್ನ ಟೂಲ್ ಚೀಲದಲ್ಲಿದೆ.

ಏಪ್ರಿಲ್, ಮೇ ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ಬರದ ಬೇಸಿಗೆ, ಮೋಟಾರುಗಳು ಹಗಲು ರಾತ್ರಿ ಬರುತ್ತಿದ್ದವು. ಮುಂದಿನ ಖರ್ಚಿಗೆ ಆ ದುಡಿಮೆಯೇ ಬೇಕಿತ್ತು.

ಸುರಕ್ಷತಾ ತರಬೇತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಗೊಂದಲ ಇದರಲ್ಲೇ ಇದೆ. ಗಾಳಿಯಂತ್ರದ ಕಂಪನಿಗಳು ಹೆಚ್ಚಾಗಿ ಕೇಳುವುದು ಜಿಡಬ್ಲ್ಯುಒ ಎಂಬ ಜಾಗತಿಕ ಸಂಸ್ಥೆಯ ಮಾನದಂಡದ ಮೂಲಭೂತ ಸುರಕ್ಷತಾ ತರಬೇತಿಯನ್ನು. ನೆಲದ ಮೇಲಿನ ಯಂತ್ರಗಳಿಗೆ ಪ್ರಥಮ ಚಿಕಿತ್ಸೆ, ಭಾರ ಎತ್ತುವ ಕ್ರಮ, ಬೆಂಕಿಯ ಎಚ್ಚರ, ಎತ್ತರದಲ್ಲಿ ಕೆಲಸ ಎಂಬ ನಾಲ್ಕು ಭಾಗಗಳು ಸಾಕು. ಸಮುದ್ರದಲ್ಲಿ ಬದುಕುಳಿಯುವ ಐದನೆಯ ಭಾಗ ಕಡಲ ಯಂತ್ರಗಳಿಗೆ ಹೋಗುವವರಿಗೆ. ಒಬ್ಬ ಏಜೆಂಟ್ ನನಗೆ ಐದನ್ನೂ ಸೇರಿಸಿ ಬೆಲೆ ಹೇಳಿದ್ದ. ಚಿತ್ರದುರ್ಗದ ಗುಡ್ಡದ ಮೇಲೆ ಈಜುವ ಸಂದರ್ಭ ಎಲ್ಲಿಂದ ಬರಬೇಕು! ತರಬೇತಿಗೆ ಮೊದಲು ವಿಂಡಾ ಎಂಬ ದಾಖಲೆ ವ್ಯವಸ್ಥೆಯಲ್ಲಿ ನಮ್ಮದೇ ಇಮೇಲಿನಿಂದ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು, ಪಾಸಾದ ಮೇಲೆ ಕೇಂದ್ರದವರು ನಮ್ಮ ದಾಖಲೆಯನ್ನು ಅದಕ್ಕೆ ಏರಿಸುತ್ತಾರೆ. ಕಂಪನಿಗಳು ಕಾಗದಕ್ಕಿಂತ ಅದನ್ನೇ ನೋಡುತ್ತವೆ. ಆದ್ದರಿಂದ ಆ ಸಂಖ್ಯೆಯನ್ನೂ ಗುಪ್ತಪದವನ್ನೂ ಏಜೆಂಟನ ಕೈಗೆ ಕೊಡಬೇಡಿ. ಈ ನಾಲ್ಕು ಭಾಗಗಳು ಎರಡು ವರ್ಷ ಮಾತ್ರ ಊರ್ಜಿತ. ಅವಧಿಯೊಳಗೆ ಪುನಶ್ಚೇತನ ತರಬೇತಿ ಪಡೆಯದಿದ್ದರೆ ಮತ್ತೆ ಮೊದಲಿನಿಂದ ಪೂರ್ತಿ ಮಾಡಬೇಕು. ಕೆಲಸ ಸಿಗುವ ಸೂಚನೆಯೇ ಇಲ್ಲದೆ ಅವಸರದಿಂದ ಮಾಡಿಸಿಕೊಂಡರೆ ಅವಧಿ ಮನೆಯಲ್ಲೇ ಕರಗಿಹೋಗುತ್ತದೆ.

ನಾನು ಕೊಟ್ಟ ಶುಲ್ಕ 23,000, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 27,140 ರೂಪಾಯಿ. ಶುಲ್ಕ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳುವುದನ್ನು ಮರೆತಿದ್ದರಿಂದ ಕೊನೆಯ ಗಳಿಗೆಯಲ್ಲಿ ನಾಲ್ಕು ಸಾವಿರ ಹೊಂದಿಸಬೇಕಾಯಿತು. ಮಡದಿಯ ಸಂಘದಿಂದ 40,000 ಸಾಲ ಎತ್ತಿದ್ದೆವು.

ದಿನಾಂಕ ಗೊತ್ತಾದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತದೊತ್ತಡ 150ಕ್ಕೆ 96 ಬಂತು. ದಿನಕ್ಕೆ ಹತ್ತು ಲೋಟ ಚಹಾ, ವಾರ್ನಿಷ್ ಹೊಗೆ, ರಾತ್ರಿ ಒಂದರವರೆಗೆ ನಿದ್ದೆಗೇಡು, ಬರದೆ ಇನ್ನೇನು? ವೈದ್ಯರು ಸಹಿ ಹಾಕಲು ಒಪ್ಪಲಿಲ್ಲ. ಅವರ ಸಲಹೆಯಂತೆ ಮಾತ್ರೆ, ಉಪ್ಪು ಕಡಿಮೆ, ಬೆಳಿಗ್ಗೆ ಚಂದ್ರವಳ್ಳಿಯವರೆಗೆ ನಡಿಗೆ. ಹದಿನೆಂಟು ದಿನಗಳ ನಂತರ ಅಳತೆ ಇಳಿದು ಸಹಿ ಬಿತ್ತು, ತರಬೇತಿ ಒಂದು ತಂಡ ಮುಂದಕ್ಕೆ ಹೋಯಿತು. ಪರೀಕ್ಷೆಗಳಿಗೆಲ್ಲ 2,400 ಆಯಿತು. ಶುಲ್ಕ ಕಟ್ಟುವ ಮೊದಲೇ ಒತ್ತಡ, ಸಕ್ಕರೆ, ಕಣ್ಣು ತೋರಿಸಿಕೊಳ್ಳಿ.

2024ರ ಜುಲೈನಲ್ಲಿ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಸುರಕ್ಷತಾ ತರಬೇತಿಗೆಂದು ಚೆನ್ನೈಗೆ ರೈಲು. ಪ್ರಯಾಣ, ಕೋಣೆ, ಊಟ ಸೇರಿ 9,500 ರೂಪಾಯಿ. ಎತ್ತರದ ಬಗ್ಗೆ ನನಗೆ ಸ್ವಲ್ಪ ಜಂಭವಿತ್ತು. ಜ್ಯೋತಿರಾಜ್ ಅವರು ಕೋಟೆಯ ಗೋಡೆಯನ್ನು ಬರಿಗೈಯಲ್ಲಿ ಏರುವುದನ್ನು ಕಂಡ ಊರಿನವನು. ಚಿಕ್ಕಂದಿನಲ್ಲಿ ನಾವೂ ಕೋಟೆಯ ಬಂಡೆಗಳ ಮೇಲೆಯೇ ಆಡಿದವರು. ಏಣಿ ಹತ್ತುವಾಗ ಆ ಜಂಭ ಉಳಿದಿತ್ತು. ಆದರೆ ಅಲ್ಲಿ ಮುಖ್ಯ ಪಾಠ ಹತ್ತುವುದಲ್ಲ. ಎರಡೂ ಕೈ ಬಿಟ್ಟು, ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಯಾದ ಹಾರ್ನೆಸ್ಸಿನ ಮೇಲೆ ಪೂರ್ತಿ ಭಾರ ಹಾಕಿ ತೂಗಬೇಕು. ಬಂಡೆ ಹತ್ತಿದವನ ಕೈ ಬಿಡು ಎಂದರೆ ಬಿಡುವುದಿಲ್ಲ. ನನ್ನ ಸರದಿಯಲ್ಲಿ ನಾಲ್ಕು ನಿಮಿಷ ಹಿಡಿದುಕೊಂಡೇ ನಿಂತಿದ್ದೆ, ಕೆಳಗೆ ಇಪ್ಪತ್ತೆರಡು ವರ್ಷದ ಹುಡುಗರು ತಲೆ ಎತ್ತಿ ನೋಡುತ್ತಿದ್ದರು. ತರಬೇತುದಾರರು ಅವಸರಿಸಲಿಲ್ಲ. ಕೊನೆಗೆ ಬಿಟ್ಟೆ. ಹಾರ್ನೆಸ್ ಹಿಡಿಯಿತು, ತೊಡೆಯ ಪಟ್ಟಿ ಸರಿಯಾಗಿ ಬಿಗಿದುಕೊಳ್ಳದಿದ್ದರೆ ಎಲ್ಲಿ ನೋಯುತ್ತದೆ ಎನ್ನುವುದೂ ತಿಳಿಯಿತು. ಉಳಿದ ದಿನಗಳಲ್ಲಿ ಎಚ್ಚರ ತಪ್ಪಿದ ಜೊತೆಗಾರನನ್ನು ಏಣಿಯಿಂದ ಇಳಿಸುವುದು, ಎರಡು ಕೊಕ್ಕೆಗಳಲ್ಲಿ ಒಂದಾದರೂ ಸದಾ ಸಿಕ್ಕಿಸಿಯೇ ಇರುವಂತೆ ಸರಿಯುವುದು, ಮೇಲಿನಿಂದ ಹಗ್ಗದಲ್ಲಿ ತುರ್ತಾಗಿ ಇಳಿಯುವುದು. ಭಾಷೆ ತಮಿಳು ಮತ್ತು ಇಂಗ್ಲಿಷ್. ಆದರೆ ಎಲ್ಲವನ್ನೂ ಕೈಯಿಂದ ಮಾಡಿ ತೋರಿಸುವುದರಿಂದ ಅಷ್ಟು ಕಷ್ಟವಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಮೊದಲ ಸಂದರ್ಶನ. ಇದೇ ನನ್ನ ಇಡೀ ಪ್ರಯಾಣದಲ್ಲಿ ಬಿದ್ದ ದೊಡ್ಡ ಪೆಟ್ಟು. ಬಾಯಿಮಾತಿನ ಪ್ರಶ್ನೆಗಳಿಗೆ ಚೆನ್ನಾಗಿಯೇ ಉತ್ತರಿಸಿದ್ದೆ. ಆಮೇಲೆ ಒಂದು ಪ್ಯಾನಲ್ ತೋರಿಸಿ ಅದರ ಕಾಂಟ್ಯಾಕ್ಟರಿನ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಸೇರುವ ಸ್ವಿಚ್) ಕಾಯಿಲ್ ಬದಲಾಯಿಸಲು ಹೇಳಿದರು. ಅಂಗಡಿಯಲ್ಲಿ ಕಣ್ಣುಮುಚ್ಚಿ ಮಾಡುವ ಕೆಲಸ. ಬ್ರೇಕರ್ ಇಳಿಸಿದೆ, ಮೂರು ಫೇಸಿನ ಟರ್ಮಿನಲ್ಲುಗಳಿಗೆ ಟೆಸ್ಟರ್ ಹಚ್ಚಿದೆ, ಸ್ಕ್ರೂಡ್ರೈವರ್ ಹಾಕಿದೆ.

"ನಿಲ್ಲಿಸಿ. ಕರೆಂಟ್ ಇಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ಟೆಸ್ಟರ್ ಹಚ್ಚಿ ನೋಡಿದೆನಲ್ಲ ಸಾರ್."

"ಟೆಸ್ಟರೇ ಕೆಟ್ಟಿದ್ರೆ?"

ಉತ್ತರವಿರಲಿಲ್ಲ. ಆಮೇಲೆ ಅವರು ತೋರಿಸಿದ್ದು ಇನ್ನೂ ನಾಚಿಕೆಯ ಸಂಗತಿ. ಕಾಯಿಲ್‌ಗೆ ಬೇರೊಂದು ಕಡೆಯಿಂದ ಕಂಟ್ರೋಲ್ ಸಪ್ಲೈ ಬರುತ್ತಿತ್ತು. ಪರೀಕ್ಷೆಗೆಂದೇ ಇಟ್ಟದ್ದರಿಂದ 24 ವೋಲ್ಟ್ ಮಾತ್ರ ಇತ್ತು, ನಿಜವಾದ ಜಾಗದಲ್ಲಿ ಅದು 230 ಅಥವಾ 690 ಇರಬಹುದಿತ್ತು. ಬ್ರೇಕರಿಗೆ ಬೀಗ ಹಾಕಿರಲಿಲ್ಲ, ಕೈಗವಸು ಹಾಕಿರಲಿಲ್ಲ, ಚಿತ್ರವನ್ನು ನೋಡಿಯೇ ಇರಲಿಲ್ಲ. ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯುವುದರಲ್ಲಿತ್ತು ಎಂದು ಒಳಗೊಳಗೆ ಬೀಗುತ್ತಿದ್ದವನಿಗೆ ಅಲ್ಲೇ ನಿರಾಕರಣೆ ಸಿಕ್ಕಿತು. "ನಿಮ್ಮ ಕೈ ಚೆನ್ನಾಗಿದೆ, ಅದೇ ನಮಗೆ ಭಯ" ಎಂದರು ಅವರು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಸಿಟ್ಟಿತ್ತು. ರಾತ್ರಿ ಯೋಚಿಸಿದಾಗ ನಮ್ಮ ಕಸುಬು ಇಡೀ ಅವಸರದ ಮೇಲೆ ನಿಂತಿದೆ ಎನ್ನುವುದು ಹೊಳೆಯಿತು. ಹೊಲದಲ್ಲಿ ಬೆಳೆ ಬಾಡುತ್ತಿರುತ್ತದೆ, ತ್ರೀ ಫೇಸ್ ಇರುವುದು ದಿನಕ್ಕೆ ಕೆಲವೇ ಗಂಟೆ, ರೈತ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿರುತ್ತಾನೆ. ಬೇಗ ಮಾಡುವವನೇ ಒಳ್ಳೆಯ ಮೇಸ್ತ್ರಿ. ಅದೇ ಬೇಗ ಇಲ್ಲಿ ಅನರ್ಹತೆ.

ಮುಂದಿನ ಮೂರು ತಿಂಗಳು ಹೊಸದೇನನ್ನೂ ಕಲಿಯಲಿಲ್ಲ. ಅಂಗಡಿಯ ಪ್ರತಿ ಕೆಲಸವನ್ನೂ ಅವರ ಕ್ರಮದಲ್ಲಿ ಮಾಡಿದೆ. ಸ್ವಿಚ್ ಇಳಿಸುವುದು, ನನ್ನದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು, ಮಲ್ಟಿಮೀಟರನ್ನು ಕರೆಂಟ್ ಇರುವುದು ಖಚಿತವಾದ ಜಾಗದಲ್ಲಿ ಹಚ್ಚಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು, ಆಮೇಲೆ ಕೆಲಸದ ಜಾಗದಲ್ಲಿ ಎಲ್ಲ ಜೋಡಿಗಳನ್ನೂ ಅಳೆಯುವುದು, ಮತ್ತೆ ಕರೆಂಟ್ ಇರುವ ಜಾಗದಲ್ಲಿ ಹಚ್ಚಿ ಮೀಟರ್ ಮಧ್ಯದಲ್ಲಿ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಇಷ್ಟಾದ ಮೇಲೆಯೇ ಕೈ ಹಾಕುವುದು. ಒಂದು ಹಾರ್ಸ್‌ಪವರ್ ಮೋಟಾರಿಗೂ ಇದೇ ಪೂಜೆ. ಅಂಗಡಿಯ ಹುಡುಗ ನಗುತ್ತಿದ್ದ. ಹೊಳಲ್ಕೆರೆ ಕಡೆಯ ಒಬ್ಬ ಹಿರಿಯರು, "ಏನಪ್ಪಾ, ಮೊದ್ಲು ಹಿಂಗಿರ್ಲಿಲ್ಲ ನೀನು, ವಯಸ್ಸಾತೇನು?" ಎಂದು ಬೈದೇ ಹೋದರು.

ಡಿಸೆಂಬರಿನಲ್ಲಿ ಬೇರೊಂದು ನಿರ್ವಹಣಾ ಗುತ್ತಿಗೆ ಕಂಪನಿಯಿಂದ ಕರೆ ಬಂತು. ಇಲ್ಲಿ ಕಾಲದ ವಿಷಯ ಹೇಳಬೇಕು. ನಮ್ಮ ಗುಡ್ಡಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಜೋರು. ಆಗ ಯಂತ್ರ ನಿಲ್ಲಿಸಿದರೆ ನಷ್ಟ, ಗಾಳಿಯಲ್ಲಿ ಮೇಲೆ ಹತ್ತುವುದೂ ಅಪಾಯ. ದೊಡ್ಡ ನಿರ್ವಹಣೆಯೆಲ್ಲ ಗಾಳಿ ಇಳಿದ ಮೇಲೆ, ಬೇಸಿಗೆ ಮುಗಿಯುವವರೆಗೆ. ಹೊಸಬರನ್ನು ಹುಡುಕುವುದೂ ಆ ಹೊತ್ತಿಗೇ ಹೆಚ್ಚು ಎಂದು ಸೈಟಿನವರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಈ ಸಲ ಪ್ಯಾನಲ್ ಮುಂದೆ ನಿಂತಾಗ ಮೊದಲು ಚಿತ್ರ ಕೇಳಿದೆ, ಬೀಗ ಕೇಳಿದೆ. ಹದಿನೇಳು ನಿಮಿಷ ಹಿಡಿಯಿತು. ಯಾರೂ ಗಡಿಯಾರ ನೋಡಲಿಲ್ಲ.

2025ರ ಜನವರಿಯಲ್ಲಿ ಸೇರಿದೆ. ತರಬೇತಿ ಅವಧಿಯ ಸಂಬಳ 18,500, ಪಿಎಫ್ ಮತ್ತು ಇಎಸ್‌ಐ ಕಳೆದು ಕೈಗೆ ಬಂದದ್ದು 17,000ಕ್ಕೆ ಸ್ವಲ್ಪ ಕಡಿಮೆ. ಅಂಗಡಿಯ ಒಳ್ಳೆಯ ತಿಂಗಳ ಸಂಪಾದನೆಗಿಂತ ಇದು ಕಡಿಮೆ, ಕೆಟ್ಟ ತಿಂಗಳಿಗಿಂತ ಎರಡು ಪಟ್ಟು. ಪ್ರೊಬೇಷನ್ ಮುಗಿದ ಮೇಲೆ ಈಗ 22,000 ಮಾಡಿದ್ದಾರೆ. ಅಂಗಡಿಯನ್ನು ಹುಡುಗನಿಗೆ ಬಾಡಿಗೆ ಮತ್ತು ಪಾಲಿನ ಮೇಲೆ ಬಿಟ್ಟಿದ್ದೇನೆ. ಪೂರ್ತಿ ಮುಚ್ಚುವ ಧೈರ್ಯ ಬರಲಿಲ್ಲ. ಈವರೆಗೆ ಹೇಳಿದ್ದಕ್ಕೆಲ್ಲ ಸೇರಿ, ದಾವಣಗೆರೆಯ ಬಸ್ಸಿನ 2,000, ಬೂಟು ಬಟ್ಟೆಯ 1,900, ಮಧ್ಯವರ್ತಿಗೆ ಕೊಟ್ಟ 1,000 ಕೂಡಿಸಿದರೆ, 69,000ದ ಹತ್ತಿರ ಖರ್ಚಾಗಿದೆ. ಅಂಗಡಿ ಮುಚ್ಚಿದ ದಿನಗಳ ನಷ್ಟ ಬರೆದಿಟ್ಟಿಲ್ಲ. ಬರೆದಿಡಬೇಕಿತ್ತು.

ಮೊದಲ ಏರಿಕೆಗೆ ಮೂವತ್ತೈದು ನಿಮಿಷ ಹಿಡಿಯಿತು. ಲಿಫ್ಟ್ ಇಲ್ಲದ ಗೋಪುರ, ಒಳಗೆ ನೇರ ಏಣಿ, ನಡುವೆ ನಿಲ್ಲಲು ಕಬ್ಬಿಣದ ಅಟ್ಟಗಳು. ಜೊತೆಗಿದ್ದ ಹಿರಿಯ ತಂತ್ರಜ್ಞನಿಗೆ ಇಪ್ಪತ್ತಾರು ವರ್ಷ. ಅವನು ನನ್ನನ್ನು "ಅಣ್ಣಾ" ಎನ್ನುತ್ತಾನೆ, ಕೆಲಸದಲ್ಲಿ ನಾನು ಅವನು ಹೇಳಿದಂತೆ ಕೇಳುತ್ತೇನೆ. ಮೊದಲ ವಾರ ಇದಕ್ಕೆ ಮನಸ್ಸು ಒಗ್ಗಲಿಲ್ಲ, ಆಮೇಲೆ ಮರೆತೇಹೋಯಿತು. ಮಾರ್ಚ್ ತಿಂಗಳ ಮಧ್ಯಾಹ್ನ ಗೋಪುರದ ಒಳಗಿನ ಸೆಕೆಗೆ ಮಾತ್ರ ಇನ್ನೂ ಒಗ್ಗಿಲ್ಲ.

ಏಪ್ರಿಲಿನಲ್ಲಿ ಒಂದು ಯಂತ್ರ ಜನರೇಟರಿನ ಇನ್ಸುಲೇಷನ್ ನಿರೋಧಕತೆ ಕಡಿಮೆ ಎಂದು ನಿಂತಿತು. ಇದು ಸ್ಲಿಪ್‌ರಿಂಗ್ ಇರುವ ಜನರೇಟರ್. ಇದರ ತಿರುಗದ ಭಾಗವಾದ ಸ್ಟೇಟರ್ ನೇರವಾಗಿ ವಿದ್ಯುತ್ ಜಾಲಕ್ಕೆ ಸೇರಿರುತ್ತದೆ, ರೋಟರ್ ಮಾತ್ರ ಕಾರ್ಬನ್ ಬ್ರಷ್ಷುಗಳ ಮೂಲಕ, ವಿದ್ಯುತ್ತನ್ನು ಜಾಲಕ್ಕೆ ಹೊಂದಿಸುವ ಕನ್ವರ್ಟರಿಗೆ ಹೋಗುತ್ತದೆ. ಒಟ್ಟು ಸಾಮರ್ಥ್ಯದ ಮೂರನೇ ಒಂದರಷ್ಟನ್ನು ಮಾತ್ರ ಆ ಕನ್ವರ್ಟರ್ ಹೊತ್ತರೆ ಸಾಕು. ನಾಲ್ಕು ಪೋಲಿನ ಮೋಟಾರ್ 1,440 ಸುತ್ತಿನಲ್ಲಿ ಓಡುವುದನ್ನು ಬದುಕಿಡೀ ನೋಡಿದ ನನಗೆ, ಅಂಥದೇ ಯಂತ್ರ 1,500 ದಾಟಿ ತಿರುಗಿ ವಿದ್ಯುತ್ತನ್ನು ವಾಪಸ್ಸು ಕೊಡುವುದು ಅರ್ಥವಾದ ದಿನ ಆದ ಸಂತೋಷ ಬೇರೆ. ಸ್ಲಿಪ್‌ರಿಂಗಿನ ಮುಚ್ಚಳದ ಸಂದಿನಲ್ಲಿ ಕರಿಪುಡಿ ಕಂಡ ಕೂಡಲೇ ದೋಷ ಅದೇ ಎಂದು ತಿಳಿಯಿತು. ಬ್ರಷ್ ಸವೆದು ಬಿದ್ದ ಕಾರ್ಬನ್ ಪುಡಿ ಕರೆಂಟಿಗೆ ದಾರಿ ಮಾಡಿಕೊಟ್ಟಿತ್ತು. ಅಂಗಡಿಯಲ್ಲಾಗಿದ್ದರೆ ಎರಡು ನಿಮಿಷದಲ್ಲಿ ಬಟ್ಟೆ ಹಿಡಿದು ಒರೆಸಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚುತ್ತಿದ್ದೆ.

ಇಲ್ಲಿ ರೆಕ್ಕೆಗಳಿರುವ ದೊಡ್ಡ ರೋಟರಿಗೆ ಪಿನ್ ಹಾಕಿ ತಿರುಗದಂತೆ ಕಟ್ಟಿದೆವು, ಬ್ರೇಕರಿಗೆ ಇಬ್ಬರೂ ತಂತಮ್ಮ ಬೀಗ ಹಾಕಿದೆವು, ಕನ್ವರ್ಟರಿನ ಕೆಪಾಸಿಟರುಗಳು ಖಾಲಿಯಾಗಲು ಕೈಪಿಡಿ ಹೇಳಿದಷ್ಟು ಹೊತ್ತು ಕಾದೆವು, ಅಳೆದೆವು. ಮೆಗ್ಗರ್ ಹಚ್ಚುವ ಮೊದಲು ಜನರೇಟರಿನ ರೋಟರ್ ಕೇಬಲ್ಲುಗಳನ್ನು ಕನ್ವರ್ಟರಿನಿಂದ ಬಿಡಿಸಲೇಬೇಕು, ಇಲ್ಲದಿದ್ದರೆ ಮೆಗ್ಗರಿನ ವೋಲ್ಟೇಜಿಗೆ ಅದರೊಳಗಿನ ಎಲೆಕ್ಟ್ರಾನಿಕ್ಸ್ ಹೋಗುತ್ತದೆ. ವೈಂಡಿಂಗ್ ಕಸುಬಿನಿಂದ ಬರುವವರು ಇದೊಂದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಪುಡಿಗೆ ಕೈ ತಾಗಿಸುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಸ್ವಚ್ಛಗೊಳಿಸಿ ಬ್ರಷ್ ಬದಲಿಸಿದ ಮೇಲೆ ಮೆಗ್ಗರಿನ ಅಂಕಿ ಏರಿದ್ದನ್ನು ನೋಡಿ ಆ ಇಪ್ಪತ್ತಾರರ ಹಿರಿಯ ತಂತ್ರಜ್ಞ, "ಅಣ್ಣಾ, ಇದು ನಿಮ್ ಏರಿಯಾ" ಎಂದ.

ನನ್ನ ಸುರಕ್ಷತಾ ಪ್ರಮಾಣಪತ್ರದ ಅವಧಿ 2026ರ ಜುಲೈಗೆ ಮುಗಿಯುತ್ತದೆ. ಮುಂದಿನ ತರಬೇತಿಯ ಖರ್ಚು ಕಂಪನಿಯದೇ ಎಂದು ನೇಮಕಾತಿ ಪತ್ರದಲ್ಲಿ ಬರೆಸಿಕೊಂಡಿದ್ದೇನೆ. ಬಾಯಿಮಾತಿಗೆ ಒಪ್ಪಿಕೊಂಡ ಒಬ್ಬರು ಆ ಖರ್ಚನ್ನು ತಮ್ಮ ಕೈಯಿಂದಲೇ ಕೊಟ್ಟದ್ದನ್ನು ನೋಡಿದ ಮೇಲೆ ಬಂದ ಬುದ್ಧಿ ಅದು. ಅಂಗಡಿಯ ಹುಡುಗ ತಾನೂ ಚೆನ್ನೈಗೆ ಬರುತ್ತೇನೆನ್ನುತ್ತಿದ್ದಾನೆ. ಕಾಗದ ತೋರಿಸು ಎಂದೆ. ಅವನ ಐಟಿಐ ಪ್ರಮಾಣಪತ್ರದಲ್ಲಿ ಹುಟ್ಟಿದ ತಾರೀಖೇ ತಪ್ಪಾಗಿದೆ. ಸೋಮವಾರ ಅಂಗಡಿಗೆ ಬೀಗ ಹಾಕಿ ಮೊದಲು ಆ ಕೆಲಸಕ್ಕೆ ಹೋಗು ಎಂದು ಹೇಳಿದ್ದೇನೆ.